ಮೂರು ಚಿತ್ರಗಳ ಋಣ

ಕಲೆಯನ್ನು ಸವಿಯುವವನು ಇಂದಲ್ಲ ನಾಳೆ ಆಯ್ಕೆಗೆ ತೊಡಗುತ್ತಾನೆ. ಕಂಡುದೆಲ್ಲವನ್ನೂ ಮನಸ್ಸು ಉಳಿಸಿಕೊಳ್ಳಲಾರದು; ಉಳಿಸಿಕೊಂಡರೂ ಅದು ಉಗ್ರಾಣವಾದೀತೇ ಹೊರತು ಸಂಗ್ರಹವಾಗದು. ಕೆಲವು ವರ್ಷಗಳಿಗೊಮ್ಮೆ ಊರಿಂದೂರಿಗೆ ವರ್ಗವಾಗುವ ನೌಕರಿಯವನಿಗಂತೂ ಈ ಆಯ್ಕೆ ಅನಿವಾರ್ಯ. ಹೀಗೆ ಬಿಡುತ್ತ ಬಿಡುತ್ತ ಬಂದು, ಈಗ ನನ್ನ ಮುಂಬಯಿಯ ಮನೆಯಲ್ಲಿ ಉಳಿದಿರುವುವು ಮೂರು: ಎಡ್ವರ್ಡ್ ಹಾಪರನ ಒಂದು ವರ್ಣಚಿತ್ರದ ಪ್ರತಿ, ಡೊರೊತಿಯಾ ಲ್ಯಾಂಗೆ ತೆಗೆದ ಒಂದು ಛಾಯಾಚಿತ್ರದ ಪ್ರತಿ, ಮತ್ತು ವರ್ಷಕ್ಕೊಮ್ಮೆಯಾದರೂ ನೋಡುವ, ಜಾನ್ ಫೋರ್ಡನ ಒಂದು ಚಲಚ್ಚಿತ್ರ. ಮೂರೂ ಅಮೆರಿಕದವು, 1925ರಿಂದ 1940ರವರೆಗಿನ ಹದಿನೈದು ವರ್ಷಗಳ ಒಳಗಿನವು. ಇವುಗಳಿಂದ ನನಗಾಗುವ ಸಂತೋಷ ಎಂಥದು, ಆ ಸಂತೋಷಕ್ಕೆ ನನಗೆ ಎಷ್ಟರ ಮಟ್ಟಿಗೆ ಹಕ್ಕಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹಾಪರನ ಚಿತ್ರ 'ಹೌಸ್ ಬೈ ದ ರೈಲ್‌ರೋಡ್' 1925ರದು. 1930ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿತು. ಹಳೆಯ ಕಾಲದ ಎತ್ತರದ ಒಂಟಿಮನೆ. ಅದರ ಮುಂದೆ ರೈಲುಹಳಿ. ಆ ಹಳಿಯ ದಿಬ್ಬ ಮನೆಯ ಬುಡವನ್ನೇ ನಮ್ಮ ಕಣ್ಣಿನಿಂದ ಕತ್ತರಿಸಿಬಿಟ್ಟಿದೆ. ಬಾಗಿಲಿಗೆ ಹೋಗುವ ದಾರಿ ಕಾಣದು; ಮನುಷ್ಯನ ಸುಳಿವಿಲ್ಲ; ಗಿಡಮರವಿಲ್ಲ. ಒಂದು ಪಕ್ಕದಲ್ಲಿ ಬಿಸಿಲು, ಇನ್ನೊಂದು ಪಕ್ಕದಲ್ಲಿ ದಟ್ಟ ನೆರಳು. 1960ರ 'ಸೈಕೋ' ಚಿತ್ರದ ಭಯಾನಕ ಮನೆಗೆ ಇದೇ ಮಾದರಿಯಾಯಿತೆಂಬುದು ಪ್ರಸಿದ್ಧವಾಗಿದೆ. ಆದರೆ ಹಾಪರನ ಮನೆಯಲ್ಲಿ ಭಯವಿಲ್ಲ. ಅದನ್ನು ದಾಟಿಹೋದವರು ಅದರ ಕಡೆ ತಿರುಗಿ ನೋಡಲಿಲ್ಲವೆಂಬ ಮೌನವಿದೆ, ಅಷ್ಟೆ. ಹಳಿಯ ಈಚೆ ನಿಂತು ನೋಡುತ್ತಿರುವವರು ನಾವು. ಎಂದರೆ, ದಾಟಿಹೋಗುವವರ ಪೈಕಿ ನಾವೂ ಸೇರಿದವರೇ.

ಫೋರ್ಡನ ಚಿತ್ರ 1940ರ 'ದ ಗ್ರೇಪ್ಸ್ ಆಫ್ ರಾತ್'. ಅದಕ್ಕೆ ಆಧಾರ ಜಾನ್ ಸ್ಟೈನ್‌ಬೆಕ್ಕನ 1939ರ ಕಾದಂಬರಿ. ಓಕ್ಲಹೋಮಾದ ಜಮೀನಿನಿಂದ ಒಕ್ಕಲೆದ್ದ ಜೋಡ್ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋಗುತ್ತದೆ. ಹೊರಡುವ ಮುನ್ನ ತಾಯಿ ಒಬ್ಬಳೇ ಕುಳಿತು, ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟ ನೆನಪಿನ ವಸ್ತುಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾಳೆ. ಕೆಲವನ್ನು ಬೆಂಕಿಗೆ ಹಾಕುತ್ತಾಳೆ. ಹಳೆಯ ಕಿವಿಯೋಲೆಗಳನ್ನು ಕಿವಿಯ ಬಳಿ ಹಿಡಿದು, ಮಸುಕಿನಲ್ಲಿ ತನ್ನ ಪ್ರತಿಬಿಂಬವನ್ನು ನೋಡಿಕೊಳ್ಳುತ್ತಾಳೆ. ಬಹುಮಟ್ಟಿಗೆ ಮಾತೇ ಇಲ್ಲದ ದೃಶ್ಯವಿದು. ಮಾರನೆಯ ವರ್ಷ 'ಸಿಟಿಜನ್ ಕೇನ್' ಚಿತ್ರದಿಂದ ಹೆಸರಾದ ಗ್ರೆಗ್ ಟೋಲಂಡ್ ಇಲ್ಲಿ ಛಾಯಾಗ್ರಾಹಕ. ಅವನು ಬೆಳಕನ್ನು ಎಷ್ಟು ಜಿಪುಣತನದಿಂದ ಬಳಸಿದ್ದಾನೆಂದರೆ, ಆ ಮುಖದಲ್ಲಿ ಕಂಡದ್ದಕ್ಕಿಂತ ಕಾಣದೆ ಉಳಿದುದೇ ಹೆಚ್ಚು. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಕಿಲ್ಲ.

ಮೂರನೆಯದು 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದುದು. 'ಮೈಗ್ರಂಟ್ ಮದರ್' ಎಂಬ ಹೆಸರಿನಿಂದ ಲೋಕವಿಖ್ಯಾತವಾದುದು. ತಾಯಿಯ ಕೈ ಕೆನ್ನೆಯ ಬಳಿ, ಎರಡು ಮಕ್ಕಳು ಮುಖ ತಿರುಗಿಸಿ ಅವಳ ಹೆಗಲಿಗೆ ಒರಗಿವೆ, ಮಡಿಲಲ್ಲಿ ಕೂಸು. ಅವಳ ನೋಟ ನಮ್ಮ ಮೇಲಿಲ್ಲ.

ಈ ಮೂರನ್ನೂ ಸಾಲಾಗಿ ಇಟ್ಟರೆ ಒಂದು ಕಥೆ ತಾನೇ ಹುಟ್ಟುತ್ತದೆ: ಬರಿದಾದ ಮನೆ, ಹೊರಡುವ ರಾತ್ರಿ, ದಾರಿಯ ಕೊನೆಯ ಬಿಡಾರ. ಬಹುಕಾಲ ನಾನೂ ಈ ಕಥೆಯನ್ನೇ ಸವಿಯುತ್ತಿದ್ದೆ. ಆದರೆ ಅದು ಆಯ್ದವನ ಕಥೆ, ಚಿತ್ರಗಳದಲ್ಲ. ಹಾಪರ್ ತನ್ನ ಮನೆಯನ್ನು ಬರೆದಾಗ 1929ರ ಆರ್ಥಿಕ ಕುಸಿತ ಇನ್ನೂ ಮುಂದಿತ್ತು. ಕಾದಂಬರಿಯ ಅಂತ್ಯದ ದಾರುಣತೆಯನ್ನು ಚಲಚ್ಚಿತ್ರ ಕೈಬಿಟ್ಟು, ಘಟನೆಗಳ ಕ್ರಮವನ್ನು ಬದಲಿಸಿ, ತಾಯಿಯ ಭರವಸೆಯ ಮಾತಿನಲ್ಲಿ ಮುಗಿಯುತ್ತದೆ. ಇನ್ನು ಛಾಯಾಚಿತ್ರದ ತಾಯಿಯಾದರೋ, 1978ರಲ್ಲಿ ಬೆಳಕಿಗೆ ಬಂದಂತೆ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಓಕ್ಲಹೋಮಾದಲ್ಲಿ ಹುಟ್ಟಿದ ಚೆರೊಕೀ ಮೂಲದವಳು. ಧೂಳುಗಾಳಿಯ ವರ್ಷಗಳಿಗೆ ಮೊದಲೇ, 1920ರ ದಶಕದಲ್ಲಿಯೇ, ಅವಳು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಳು. ನನ್ನ ಕಥೆಯೊಳಕ್ಕೆ ಮೂರರಲ್ಲಿ ಒಂದೂ ಪೂರ್ತಿಯಾಗಿ ಹಿಡಿಸುವುದಿಲ್ಲ.

ಇಲ್ಲಿ ನಮ್ಮ ಆಲಂಕಾರಿಕರ ನೆರವನ್ನು ಪಡೆಯಬಹುದು. ಲೋಕದಲ್ಲಿ ದುಃಖವಾದುದು ಕಾವ್ಯದಲ್ಲಿ ಹೇಗೆ ಕರುಣರಸವಾಗಿ ಆಸ್ವಾದ್ಯವಾಗುತ್ತದೆ? ಭಟ್ಟನಾಯಕನು ಕೊಟ್ಟ ಉತ್ತರ ಸಾಧಾರಣೀಕರಣ. ಅಭಿನವಗುಪ್ತನು ಅದನ್ನು ತನ್ನದೇ ರೀತಿಯಲ್ಲಿ ಬೆಳೆಸಿದನು. ಪಾತ್ರದ ದುಃಖ 'ಇವರದು, ನನ್ನದು' ಎಂಬ ಕಟ್ಟಿನಿಂದ ಬಿಡಿಸಿಕೊಂಡಾಗ ಮಾತ್ರ ಸಹೃದಯನಿಗೆ ರಸಾನುಭವ. ಹಾಪರನ ಚಿತ್ರದಲ್ಲಿ ಈ ಬಿಡುಗಡೆ ಸುಲಭ. ಅಲ್ಲಿ ಯಾರೂ ಇಲ್ಲ. ಚಲಚ್ಚಿತ್ರದಲ್ಲಿ ತಾಯಿಯಾಗಿ ಅಭಿನಯಿಸಿದವಳು ಜೇನ್ ಡಾರ್ವೆಲ್; ದುಃಖ ಪಾತ್ರದ್ದು, ಆಸ್ಕರ್ ಪ್ರಶಸ್ತಿ ನಟಿಯದು. ನಮ್ಮ ನಾಟ್ಯಶಾಸ್ತ್ರದ ಚೌಕಟ್ಟಿಗೆ ಇದು ಒಗ್ಗುತ್ತದೆ. ಆದರೆ ಛಾಯಾಚಿತ್ರದಲ್ಲಿ ಪಾತ್ರವೂ ಅವಳೇ, ಪಾತ್ರಧಾರಿಯೂ ಅವಳೇ. ಅಲ್ಲಿ ಸಾಧಾರಣೀಕರಣವಾಗಬೇಕಾದರೆ ಬದುಕಿರುವ ಒಬ್ಬಳ ಹೆಸರನ್ನು ಅಳಿಸಬೇಕಾಗುತ್ತದೆ. ಲ್ಯಾಂಗೆ ಅವಳ ಹೆಸರನ್ನು ಕೇಳಲಿಲ್ಲ. ನಲವತ್ತೆರಡು ವರ್ಷ ಅವಳು ಹೆಸರಿಲ್ಲದ 'ತಾಯಿ'ಯಾಗಿಯೇ ಉಳಿದಳು. ತನ್ನ ಚಿತ್ರದಿಂದ ತನಗೆ ಕಾಸೂ ಸಿಗಲಿಲ್ಲವೆಂದು ಕೊನೆಗೆ ಅವಳು ನೊಂದು ನುಡಿದುದನ್ನು ಯಾವ ರಸಿಕನೂ ಮರೆಯತಕ್ಕದ್ದಲ್ಲ.

ಲ್ಯಾಂಗೆಯನ್ನು ದೂಷಿಸುವುದು ಸುಲಭ; ನ್ಯಾಯವಲ್ಲ. ಅವಳು ಸರ್ಕಾರದ ಸಂಬಳಕ್ಕೆ ದುಡಿಯುತ್ತಿದ್ದವಳು; ಚಿತ್ರ ಸರ್ಕಾರದ ಸ್ವತ್ತು. ಅದು ಪತ್ರಿಕೆಯಲ್ಲಿ ಬಂದ ಮೇಲೆ ಬಿಡಾರಕ್ಕೆ ಇಪ್ಪತ್ತು ಸಾವಿರ ಪೌಂಡು ಆಹಾರ ಹೋಯಿತು. ಅಷ್ಟರಲ್ಲಿ ಥಾಂಪ್ಸನ್ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು! 1983ರಲ್ಲಿ ಅವಳು ಕಾಯಿಲೆ ಬಿದ್ದಾಗ, ಚಿತ್ರವನ್ನು ಕಂಡಿದ್ದ ಅಪರಿಚಿತರು ಇಪ್ಪತ್ತೈದು ಸಾವಿರ ಡಾಲರಿಗೂ ಮೀರಿ ಕಳುಹಿಸಿದರು. ಅದೇ ವರ್ಷ ಅವಳು ತೀರಿಕೊಂಡಳು. ಚಿತ್ರದ ನೆಗೆಟಿವ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ಯಾರು ಬೇಕಾದರೂ ಪ್ರತಿ ತೆಗೆದುಕೊಳ್ಳಬಹುದು. ನನಗೂ ಅದು ಬಂದದ್ದು ಹೀಗೆ, ಬಿಟ್ಟಿಯಾಗಿ. ಆದರೆ ಬ್ಯಾಂಕಿನಲ್ಲಿ ಬಾಳು ಸವೆಸಿದವನಿಗೆ ಗೊತ್ತು: ಲೆಕ್ಕದಲ್ಲಿ ಬರೆಯದ ಮಾತ್ರಕ್ಕೆ ಋಣ ಇಲ್ಲವೆಂದಲ್ಲ.

ಬ್ಯಾಂಕಿನ ಮಾತು ಬಂದುದರಿಂದ ಇನ್ನೊಂದು ದೃಶ್ಯವನ್ನು ಹೇಳಲೇಬೇಕು. ಫೋರ್ಡನ ಚಿತ್ರದಲ್ಲಿ ಮ್ಯೂಲಿ ಎಂಬ ರೈತ ತನ್ನನ್ನು ಒಕ್ಕಲೆಬ್ಬಿಸಲು ಬಂದವನನ್ನು, ತಾನು ಯಾರಿಗೆ ಗುಂಡು ಹೊಡೆಯಲೆಂದು ಕೇಳುತ್ತಾನೆ. ಬಂದವನು ತನ್ನದೇನೂ ಇಲ್ಲವೆನ್ನುತ್ತಾನೆ, ಕಂಪೆನಿಯೆನ್ನುತ್ತಾನೆ, ಬ್ಯಾಂಕೆನ್ನುತ್ತಾನೆ, ಅದರ ಮ್ಯಾನೇಜರನಿಗೂ ಮೇಲಿನ ಹುಕುಮುಗಳನ್ನು ಪಾಲಿಸುವುದರಲ್ಲೇ ಸಾಕಾಗಿದೆಯೆನ್ನುತ್ತಾನೆ. ಸಾಲ ವಸೂಲಿಯ ನೋಟೀಸುಗಳಿಗೆ ನಾನೂ ಸಹಿ ಹಾಕಿದವನು. ಮೇಲಿನ ಆದೇಶವೆಂದು ನಾನೂ ಹೇಳಿದವನು. ಮೊದಲ ಸಲ ನೋಡಿದಾಗ ಆ ಮ್ಯಾನೇಜರನ ಮೇಲೆ ನನಗೆ ಕನಿಕರ ಹುಟ್ಟಿತು. ಮತ್ತೆ ಮತ್ತೆ ನೋಡಿದಂತೆ, ಆ ಕನಿಕರ ನನ್ನ ಮೇಲಿನದೇ ಎಂಬುದು ತಿಳಿಯಿತು. ಮ್ಯೂಲಿಗೆ ಉತ್ತರ ಸಿಗುವುದಿಲ್ಲ. ಟ್ರಾಕ್ಟರು ಅವನ ಮನೆಯನ್ನು ಕೆಡವುತ್ತದೆ. ಅದನ್ನು ನಡೆಸುವವನು ನೆರೆಯವನ ಮಗ, ದಿನಗೂಲಿ ಮೂರು ಡಾಲರು.

ಈ ದೃಶ್ಯವಿದೆಯೆಂದೇ ಚಿತ್ರವನ್ನು ನನ್ನ ಸಂಗ್ರಹದಿಂದ ತೆಗೆದುಬಿಡುವ ಮನಸ್ಸು ಒಮ್ಮೆ ಬಂದಿತ್ತು. ತೆಗೆಯಲಿಲ್ಲ. ನಮ್ಮ ಅಭಿರುಚಿಗೆ ಒಪ್ಪುವುದನ್ನಷ್ಟೇ ಆಯ್ದರೆ ನಮಗೆ ದೊರೆಯುವುದು ಕನ್ನಡಿ. ನಮ್ಮ ಕಥೆಗೆ ಒಗ್ಗದುದನ್ನೂ, ನಮ್ಮನ್ನೇ ಪ್ರಶ್ನಿಸುವುದನ್ನೂ ಇಟ್ಟುಕೊಂಡಾಗ ಮಾತ್ರ ಅದು ಆಯ್ಕೆಯೆನಿಸೀತು. ಆಗ ಸಂತೋಷ ಕುಗ್ಗುವುದೆ? ಇಲ್ಲವೆಂದೇ ನನ್ನ ಅನುಭವ. ಹಾಪರನ ಬಿಸಿಲು ಇಂದಿಗೂ ನನಗೆ ಹಿತ. ತಾಯಿಯ ಕಿವಿಯೋಲೆಯ ಮಿನುಗು ಇಂದಿಗೂ ಗಂಟಲನ್ನು ಕಟ್ಟಿಸುತ್ತದೆ. ಛಾಯಾಚಿತ್ರದ ಪ್ರತಿಯ ಕೆಳಗೆ ಮಾತ್ರ, ಪ್ರಸಿದ್ಧವಾದ ಶೀರ್ಷಿಕೆಯನ್ನು ಬಿಟ್ಟು, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ನನ್ನ ಕೈಯಿಂದಲೇ ಬರೆದಿಟ್ಟಿದ್ದೇನೆ. ಋಣ ಅದರಿಂದ ತೀರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ದಾಖಲಾದೀತು, ಅಷ್ಟೆ.