ಕಾಕನಕೋಟೆ: ರಂಗದಲ್ಲಿ, ಪರದೆಯಲ್ಲಿ

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ ಅವರು ಬೆಂಗಳೂರಿನ ನಟರಂಗಕ್ಕಾಗಿ ರಂಗಕ್ಕೆ ತಂದರು. 1977ರಲ್ಲಿ ಅವರೇ ಅದನ್ನು ಚಲನಚಿತ್ರ ಮಾಡಿದರು. ಕಥೆ ಒಂದೇ, ನಿರ್ದೇಶಕರೂ ಒಬ್ಬರೇ. ಆದರೆ ನಾಟಕ ಕೇಳುವ ಪ್ರಶ್ನೆ ಬೇರೆ, ಸಿನಿಮಾ ನಮ್ಮಲ್ಲಿ ಎಬ್ಬಿಸುವ ಪ್ರಶ್ನೆಯೇ ಬೇರೆ.

ಇದು ರಣಧೀರ ಕಂಠೀರವ ಮೈಸೂರು ಆಳುತ್ತಿದ್ದ 17ನೇ ಶತಮಾನದ ಕಥೆ. ಕಾಡು ಕುರುಬರಿಗೂ ಅವರಿಂದ ಕಂದಾಯ ಕಕ್ಕಿಸುವ ಹೆಗ್ಗಡೆಗೂ ಜಗಳ. ನಡುವೆ ನಿಂತವನು ಕಾಚ.

ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದವರು. ವಸೂಲಿಯ ಹೆಸರಿನ ಜುಲುಮೆ ಅವರಿಗೆ ತಿಳಿಯದ್ದಾಗಿರಲಾರದು. ಅವರ ನಾಟಕದಲ್ಲಿ ಅನ್ಯಾಯಕ್ಕೊಂದು ವಿಳಾಸವಿದೆ, ಅದು ಹೆಗ್ಗಡೆ. ಅವನ ಮೇಲೆ ಅರಮನೆಯಿದೆ. ಮಾತು ಅಲ್ಲಿಗೆ ಮುಟ್ಟಿದರೆ ನ್ಯಾಯ ಸಿಕ್ಕೀತು ಎಂಬ ಭರವಸೆಯಿದೆ. ‘ಫಿರ್ಯಾದು’ ಎಂಬ ಪಾರಸಿ ಮಾತು ಉರ್ದುವಿನಲ್ಲೂ ಕನ್ನಡದ ಕಚೇರಿಗಳಲ್ಲೂ ಬದುಕಿದೆ. ಕೇಳುವ ಕಿವಿ ಇದೆ ಎಂದು ನಂಬಿದವನು ಮಾತ್ರ ಫಿರ್ಯಾದು ಮಾಡುತ್ತಾನೆ. ರಂಗಭೂಮಿಗೆ ಈ ನಂಬಿಕೆ ಒಗ್ಗುತ್ತದೆ. ಅಲ್ಲಿ ಎಲ್ಲವೂ ಮಾತಿನಲ್ಲೇ ಇತ್ಯರ್ಥವಾಗಬೇಕು. ಕಾಡು ಕೂಡ ಮಾತು, ಹಾಡುಗಳಾಗಿಯೇ ಬರಬೇಕು. ಬಯಲಾಟ ಬಲ್ಲ ನಮ್ಮ ಇರಕಲ್ಲಗಡದ ಕಡೆಯವರಿಗೆ ಇದು ಹೊಸದಲ್ಲ.

ಸಿನಿಮಾಕ್ಕೆ ಲೋಕೇಶರ ಅಭಿನಯ, ಸಿ. ಅಶ್ವಥ್ ಅವರ ಸಂಗೀತ ದೊಡ್ಡ ಬಲ. ಆದರೆ ಕ್ಯಾಮೆರಾ ಬಂದೊಡನೆ ಕಾಡು ಬರೀ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಮರಗಳನ್ನು ಕಣ್ಣಾರೆ ಕಂಡ ಪ್ರೇಕ್ಷಕ ಕಂದಾಯ ಎಷ್ಟೆಂದು ಕೇಳುವುದಿಲ್ಲ. ಈ ಕಾಡು ಯಾರದು ಎನ್ನುತ್ತಾನೆ. ಹೆಗ್ಗಡೆಯನ್ನು ಬದಲಿಸಿದರೆ ಆ ಪ್ರಶ್ನೆ ತೀರುವುದಿಲ್ಲ.

ಚಿತ್ರ ಬರುವ ಮೂರು ವರ್ಷ ಮೊದಲು, 1974ರಲ್ಲಿ, ಕಬಿನಿ ಅಣೆಕಟ್ಟು ಮುಗಿದು ಅದೇ ಕಾಕನಕೋಟೆಯ ಕಾಡು ಮುಳುಗಿತ್ತು, ಹಾಡಿಗಳು ಚದುರಿದ್ದವು. ಅಲ್ಲಿ ಬೆರಳು ಮಾಡಿ ತೋರಿಸಲು ಹೆಗ್ಗಡೆಯೊಬ್ಬನಿರಲಿಲ್ಲ. ಕಡತವಿತ್ತು, ಅಭಿವೃದ್ಧಿ ಎಂಬ ಸಭ್ಯ ಮಾತಿತ್ತು. ಸಿನಿಮಾ ಮಾತ್ರ ಮೂರು ಶತಮಾನ ಹಿಂದಿನ ಅನ್ಯಾಯದಲ್ಲೇ ನಿಂತಿತು. 1953ರಲ್ಲಿ ತುಂಗಭದ್ರೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಕೊಪ್ಪಳ ಸೀಮೆಯವರಿಗೆ ಈ ಮೌನ ಬೇಗ ಕೇಳಿಸುತ್ತದೆ. ಗಂಗಾವತಿಯ ಭತ್ತದ ಗದ್ದೆಗಳಿಗೆ ನೀರು ಬಂದದ್ದು ನಿಜ, ಮುಳುಗಿದ ಮನೆಗಳೂ ಅಷ್ಟೇ ನಿಜ.

ಕಟ್ಟುವಿಕೆಯಲ್ಲಿ ನಾಟಕವೇ ಗಟ್ಟಿ. ಕಾಡನ್ನು ಎದುರಿಗಿಟ್ಟು ನಮ್ಮನ್ನು ಕದಡುವುದರಲ್ಲಿ ಸಿನಿಮಾ ಮುಂದೆ. ಎರಡೂ ಕೊನೆಗೆ ಒಳ್ಳೆಯ ದೊರೆಯನ್ನು ನಂಬುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲೇ ಒಪ್ಪಿದೆ. ದೊರೆಯ ಕೃಪೆಯಿಂದ ಬಂದ ನ್ಯಾಯ ದೊರೆಯ ಜೊತೆಗೇ ಹೋಗುತ್ತದೆ. ಇಂದು ‘ಕಾಕನಕೋಟೆ’ಯನ್ನು ಮತ್ತೆ ಆಡುವವರು ಕಾಚನ ಕೈಯಲ್ಲಿ ಬಿನ್ನಹದ ಬದಲು ಹಕ್ಕಿನ ಕಾಗದ ಕೊಟ್ಟು ನೋಡಬೇಕು. ಆಗ ಅರಮನೆಯ ಮುಖ ಹೇಗಾಗುತ್ತದೆ ಎಂಬುದೇ ನಾಟಕ.