ಆಯಿಲ್ ಬದಲಿಸಿದಿರಿ, ಮರಳನ್ನೇನು ಮಾಡಿದಿರಿ?

ಲಾನ್ ಮೂವರ್‌ಗೆ ಎಸ್‌ಎಇ 30 ಒಳ್ಳೆಯದೋ, 10ಡಬ್ಲ್ಯೂ-30 ಒಳ್ಳೆಯದೋ ಎಂಬ ಹಳೇ ಜಗಳವನ್ನು ಈ ವಾರ ಬಗೆಹರಿಸುತ್ತೇನೆ ಎಂದಿದ್ದೆ. ಎರಡೇ ಮಾತಲ್ಲಿ ಮುಗಿಸುತ್ತೇನೆ. ಸೆಖೆ 27 ಡಿಗ್ರಿ ದಾಟಿದರೆ 10ಡಬ್ಲ್ಯೂ-30 ಹೆಚ್ಚು ಖರ್ಚಾಗಬಹುದು, ಮಟ್ಟ ಆಗಾಗ ನೋಡಿಕೊಳ್ಳಿ ಎಂದು ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ಕೈಪಿಡಿಯೇ ಹೇಳುತ್ತದೆ. ಒಮಾನಿನ ನಮ್ಮ ಬೌಷರಿನಲ್ಲಿ ವರ್ಷದ ಬಹುಪಾಲು 27 ಡಿಗ್ರಿ ಎಂದರೆ ತಂಪು. ಹಾಗಾಗಿ ಎಸ್‌ಎಇ 30.

ನನ್ನ ತಕರಾರು ಇರುವುದು ಗಡುವಿನ ಬಗ್ಗೆ. ‘ಸೀಸನ್ ಮುಗಿದಾಗ ಒಮ್ಮೆ ಬದಲಿಸಿ’ ಎನ್ನುವುದು ಹಿಮ ಬೀಳುವ ಊರಿನವರ ಮಾತು. ಅಲ್ಲಿ ಹುಲ್ಲು ತಿಂಗಳುಗಟ್ಟಲೆ ಮಲಗುತ್ತದೆ. ನೀರು ಕಟ್ಟಿ ಬೆಳೆಸುವ ಇಲ್ಲಿನ ಹುಲ್ಲಿಗೆ ಅಂಥ ರಜೆ ಎಲ್ಲಿ? ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಲ್ಲಿ ದುಡಿಸಬಾರದೆಂಬ ಕಾನೂನು ಮಾಲಿಗೆ ನೆರಳು ಕೊಟ್ಟಿದೆ. ಎಂಜಿನ್ ಮಾತ್ರ ಬೆಳಗಿನ ಕೆಲಸದಲ್ಲೂ ಕಾದು ಕೆಂಡವಾಗುತ್ತದೆ. ಮಾಮೂಲಿ 50 ಗಂಟೆಗೊಮ್ಮೆ, ಬಿಸಿಲು ಅಥವಾ ಭಾರ ಹೆಚ್ಚಿದ್ದರೆ 25 ಗಂಟೆಗೊಮ್ಮೆ ಎಂಬುದು ಬಹುತೇಕ ಕೈಪಿಡಿಗಳ ಲೆಕ್ಕ. ಇಲ್ಲಿಗೆ ಇಪ್ಪತ್ತೈದೇ ಸರಿ.

‘ಬದಲಿಸಲೇಬೇಡಿ, ಕಮ್ಮಿಯಾದಷ್ಟು ಸುರಿದರೆ ಸಾಕು’ ಎನ್ನುವ ಹೊಸ ಪಂಥದವರ ಜತೆ ನನ್ನದು ಹಳೇ ಬಾಕಿ. ತಳ್ಳುವ ಮೂವರ್ ಹೊಟ್ಟೆಯೊಳಗೆ ಇರುವುದು ಅರ್ಧ ಲೀಟರ್ ಆಸುಪಾಸು ಆಯಿಲ್. ಹೆಚ್ಚಿನವಕ್ಕೆ ಆಯಿಲ್ ಫಿಲ್ಟರ್ ಇಲ್ಲ. ಒಳಗೆ ಹೋದದ್ದೆಲ್ಲ ಒಳಗೇ ಸುತ್ತುತ್ತದೆ. ಆಯಿಲ್ ಸುಟ್ಟುಹೋದೀತು, ಮರಳು ಸುಟ್ಟುಹೋಗುತ್ತದೆಯೇ?

ಗ್ರೇಡು, ಗಡುವು ಎರಡನ್ನೂ ಈಗ ಬದಿಗಿಡುತ್ತೇನೆ. ಊರ ನಡುವೆಯೇ ಮರಳು ದಿಬ್ಬಗಳಿರುವ ಜಾಗ ಇದು. ಗಾಳಿ ಎದ್ದರೆ ಅಲ್‌ಖುವೈರ್, ಘುಬ್ರಾದ ಕಿಟಕಿ ಸಂದಿಗಳಿಗೂ ಧೂಳು. ಇಳಿಸಿದ ಆಯಿಲ್ ಕಪ್ಪಗಿದ್ದರೆ ಹೆದರಬೇಡಿ, ಮಸಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ತಣಿದ ಮೇಲೆ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ. ನುಣ್ಣಗೆ ಜಾರಿದರೆ ಸರಿ. ಕರಕರ ಎಂದರೆ ನಿಮ್ಮ ಸಿಲಿಂಡರ್‌ಗೆ ಉಪ್ಪುಕಾಗದ ಉಜ್ಜುತ್ತಿದೆ ಎಂದೇ ಅರ್ಥ. ಅಗ್ಗದ ಎಂಜಿನ್‌ಗಳಲ್ಲಿ ಒಳಗೋಡೆಯೂ ಅಲ್ಯೂಮಿನಿಯಮ್ಮೇ. ಮರಳಿನ ಮುಂದೆ ಅದು ಬೆಣ್ಣೆ.

ಆ ಮರಳು ಬಂದದ್ದು ಹೆಚ್ಚಾಗಿ ಏರ್ ಫಿಲ್ಟರ್ ದಾರಿಯಿಂದ. ಆಯಿಲ್ ಇಳಿಸಲು ಮೂವರ್ ವಾಲಿಸುವಾಗ ಪ್ಲಗ್ ವೈರ್ ಕಿತ್ತು, ಏರ್ ಫಿಲ್ಟರ್ ಇರುವ ಬದಿ ಮೇಲೆ ಮಾಡುತ್ತೀರಲ್ಲ, ಆಗಲೇ ಅದರ ಮುಚ್ಚಳ ತೆಗೆದು ನೋಡಿ. ಸ್ಪಂಜನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೇಪರ್ ಫಿಲ್ಟರನ್ನು ಮೆಲ್ಲಗೆ ತಟ್ಟಿ, ಕೊಳೆ ಬಿಡದಿದ್ದರೆ ಹೊಸದು ಹಾಕಿ. ಹಳೇ ಆಯಿಲನ್ನು ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಫಲಜ್ ನೀರುಕಾಲುವೆ ಹರಿಯುವ ಊರಲ್ಲಿ ಖರ್ಜೂರದ ಬುಡಕ್ಕೆ ಸುರಿಯುವ ಕೆಲಸ ಬೇಡ.

ಟಯರಿಗೆ ಗಾಳಿ ಹೊಡೆಯುವ ಕಂಪ್ರೆಸರನ್ನೇ ಪೇಪರ್ ಫಿಲ್ಟರಿಗೂ ಹಿಡಿದು, ಕಾಗದ ಹರಿದು, ‘ಕ್ಲೀನ್ ಆಯ್ತು ಸಾರ್’ ಎನ್ನುವವರಿದ್ದಾರೆ. ಅಂಥವರು ಸಿಂಥೆಟಿಕ್ ಆಯಿಲ್ ಬಗ್ಗೆ ಉಪದೇಶ ಶುರುಮಾಡಿದರೆ ದುಡ್ಡು ಜೇಬಲ್ಲೇ ಇಟ್ಟುಕೊಳ್ಳಿ. ಅದೇ ದುಡ್ಡಿಗೆ ಒಂದು ಹೊಸ ಫಿಲ್ಟರ್ ಬರುತ್ತದೆ.