ಪತ್ತೆಯಾದವಳನ್ನು ಯಾರಿಗೆ ಒಪ್ಪಿಸುವುದು?

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ‘ಯುವತಿ ನಾಪತ್ತೆ’ ಎಂಬ ನಾಲ್ಕು ಸಾಲಿನ ಪ್ರಕಟಣೆಯನ್ನು ಓದದವರು ನಮ್ಮಲ್ಲಿ ಇರಲಾರರು. ಎತ್ತರ ಇಷ್ಟು ಅಡಿ, ದುಂಡು ಮುಖ, ಗೋಧಿ ಮೈಬಣ್ಣ, ಮನೆಯಿಂದ ಹೋಗುವಾಗ ತೊಟ್ಟಿದ್ದ ಚೂಡಿದಾರದ ಬಣ್ಣ, ಮಾತನಾಡುವ ಭಾಷೆಗಳು, ಕೊನೆಯಲ್ಲಿ ಠಾಣೆಯ ದೂರವಾಣಿ ಸಂಖ್ಯೆ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೆರಡೋ ಇಪ್ಪತ್ತಾರೋ ಇರುತ್ತದೆ. ಕೆಲವು ದಿನಗಳಾದ ಮೇಲೆ, ಸುದ್ದಿಯಾದರೆ, ಇನ್ನೊಂದು ಸಾಲು ಬರುತ್ತದೆ: ಯುವತಿಯನ್ನು ಪತ್ತೆ ಹಚ್ಚಿದ ಪೊಲೀಸರು ಪೋಷಕರಿಗೆ ಒಪ್ಪಿಸಿದ್ದಾರೆ. ಬರೆದವರಿಗೂ ಓದಿದವರಿಗೂ ಇದು ಸುಖಾಂತ್ಯದಂತೆ ಕಾಣುತ್ತದೆ. ನಾನು ಪರೀಕ್ಷಿಸಹೊರಟಿರುವುದು ಈ ‘ಒಪ್ಪಿಸುವ’ ಪದ್ಧತಿಯನ್ನು. ಕಳುವಾದ ಬೈಕನ್ನು ಒಪ್ಪಿಸಬಹುದು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಒಪ್ಪಿಸಬೇಕು. ಬೈಕಿಗೆ ಮಾಲೀಕರಿದ್ದಾರೆ, ಮಗುವಿಗೆ ಪಾಲಕರಿದ್ದಾರೆ. ಹದಿನೆಂಟು ತುಂಬಿದ ಹೆಣ್ಣಿಗೆ ಕಾನೂನಿನಲ್ಲಿ ಇವರಿಬ್ಬರೂ ಇಲ್ಲ. ಆಕೆ ಬದುಕಿದ್ದಾಳೆ, ತನ್ನಿಷ್ಟದಿಂದ ಇರುವಲ್ಲಿ ಇದ್ದಾಳೆ ಎಂದು ತಿಳಿದ ಕ್ಷಣಕ್ಕೆ ಪೊಲೀಸರ ಕೆಲಸ ಮುಗಿಯಿತು. ಅದರಾಚೆಗೆ ಠಾಣೆಯಲ್ಲಿ ನಡೆಯುವುದೆಲ್ಲ ಕುಟುಂಬದ ಅಧಿಕಾರಕ್ಕೆ ಸರ್ಕಾರದ ಸಮವಸ್ತ್ರ ತೊಡಿಸುವ ಕೆಲಸ.

ಈ ವಿಷಯದಲ್ಲಿ ಕಾನೂನು ಗೊಂದಲಕ್ಕೆ ಎಡೆ ಕೊಟ್ಟಿಲ್ಲ. 1875ರ ವಯಸ್ಕತನ ಕಾಯ್ದೆಯ ಪ್ರಕಾರ 18 ತುಂಬಿದವರು ವಯಸ್ಕರು. ಪಾಲಕರ ವಶದಿಂದ ಕರೆದೊಯ್ಯುವ ಅಪರಾಧ, ಬುದ್ಧಿ ಸ್ವಾಧೀನವಿಲ್ಲದವರನ್ನು ಬಿಟ್ಟರೆ, ಹೆಣ್ಣುಮಕ್ಕಳ ಮಟ್ಟಿಗೆ 18 ತುಂಬದವರಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ದಂಡ ಸಂಹಿತೆಯ 361ನೇ ಸೆಕ್ಷನ್‌ನಲ್ಲಿ ಇದ್ದದ್ದೂ ಅದೇ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 137ರಲ್ಲಿ ಇರುವುದೂ ಅದೇ. ಇವೆರಡಕ್ಕಿಂತ ಹೆಚ್ಚು ಕಣ್ತೆರೆಸುವ ಇನ್ನೊಂದು ಸೆಕ್ಷನ್ ಇದೆ. ಠಾಣೆಗಳಲ್ಲಿ ಅದರ ಹೆಸರು ಕೇಳಿಬರುವುದೇ ಅಪರೂಪ. ದಂಡ ಪ್ರಕ್ರಿಯಾ ಸಂಹಿತೆಯ 98ನೇ ಸೆಕ್ಷನ್, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 101, ಅಪಹರಣಕ್ಕೊಳಗಾದ ಅಥವಾ ಅಕ್ರಮ ಉದ್ದೇಶಕ್ಕೆ ಕೂಡಿಡಲ್ಪಟ್ಟ ಹೆಂಗಸರನ್ನೂ ಬಾಲಕಿಯರನ್ನೂ ಬಿಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಬಿಡಿಸಿದ ಮೇಲೆ ಏನು ಮಾಡಬೇಕು ಎನ್ನುವಲ್ಲಿ ಆ ಒಂದೇ ವಾಕ್ಯ ಎರಡು ದಾರಿಯಾಗಿ ಕವಲೊಡೆಯುತ್ತದೆ. ಬಾಲಕಿಯಾದರೆ ತಂದೆತಾಯಿ, ಪಾಲಕರು ಮುಂತಾದವರ ಬಳಿಗೆ ಮರಳಿಸಬೇಕು. ವಯಸ್ಕ ಹೆಂಗಸಾದರೆ ಆಕೆಯ ಸ್ವಾತಂತ್ರ್ಯಕ್ಕೆ ಮರಳಿಸಬೇಕು. ನಿಜವಾಗಿಯೂ ಅಪಹರಣವಾದ ಹೆಣ್ಣನ್ನೇ ಕಾನೂನು ಅಪ್ಪನಿಗೆ ಒಪ್ಪಿಸುವುದಿಲ್ಲ, ಆಕೆಗೇ ಒಪ್ಪಿಸುತ್ತದೆ. ಹಾಗಿರುವಾಗ ತಾನಾಗಿ ಹೊರಟು ಹೋದವಳನ್ನು ಒಪ್ಪಿಸುವ ಅಧಿಕಾರ ಯಾವ ಪುಸ್ತಕದಿಂದ ಬಂತು?

ಪುಸ್ತಕದಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಸಾಕ್ಷಿಯಾಗಿದೆ. 2020ರ ಅಕ್ಟೋಬರ್‌ನಲ್ಲಿ ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಮುರಗೋಡ ಠಾಣೆಯಲ್ಲಿ ಒಬ್ಬ ಉಪನ್ಯಾಸಕಿ ಕಾಣೆಯಾಗಿದ್ದಾರೆ ಎಂಬ ದೂರು ದಾಖಲಾಯಿತು. ಆಕೆ ಮನೆಯವರಿಗೆ ತಿಳಿಸದೆ ದೆಹಲಿಗೆ ಹೋಗಿ, ಎಂಜಿನಿಯರಿಂಗ್ ಕಾಲೇಜಿನ ಸಹಾಯಕ ಪ್ರಾಧ್ಯಾಪಕರೊಬ್ಬರನ್ನು ಮದುವೆಯಾಗಿದ್ದರು. ಮದುವೆಯ ಪ್ರಮಾಣಪತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮನೆಗೆ ಕಳಿಸಿದ್ದೂ ಆಗಿತ್ತು. ತನಿಖಾಧಿಕಾರಿಯ ಜೊತೆ ಫೋನಿನಲ್ಲಿ ಮಾತನಾಡಿ, ತಾನು ಮದುವೆಯಾಗಿ ಗಂಡನ ಜೊತೆಗಿದ್ದೇನೆ ಎಂದು ಹೇಳಿದರು. ತವರಿನಿಂದ ಬೆದರಿಕೆ ಇರುವುದರಿಂದ ಠಾಣೆಗೆ ಬರಲಾರೆ ಎಂದು ಪತ್ರವನ್ನೂ ಬರೆದರು. ಕಾಣೆಯಾದವರು ಎಲ್ಲಿದ್ದಾರೆ, ಹೇಗಿದ್ದಾರೆ, ಯಾಕೆ ಹೋದರು ಎಂಬ ಮೂರು ಪ್ರಶ್ನೆಗಳಿಗೂ ಕಾಣೆಯಾದವರೇ ಉತ್ತರ ಕೊಟ್ಟಂತಾಯಿತು. ಆದರೂ ಪ್ರಕರಣ ಮುಚ್ಚಲಿಲ್ಲ. ಮುರಗೋಡಕ್ಕೆ ಬಂದು ಹೇಳಿಕೆ ಕೊಟ್ಟರೆ ಮಾತ್ರ ಮುಚ್ಚುತ್ತೇವೆ, ಬಾರದಿದ್ದರೆ ಮನೆಯವರ ದೂರಿನ ಮೇಲೆ ಗಂಡನ ವಿರುದ್ಧ ಅಪಹರಣದ ಕೇಸು ಹಾಕಬೇಕಾಗುತ್ತದೆ ಎಂಬ ಮಾತು ಬಂತು. ದಂಪತಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2021ರ ಫೆಬ್ರುವರಿ 8ರಂದು ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಎಫ್‌ಐಆರ್ ರದ್ದುಪಡಿಸಿದರು, ತನಿಖಾಧಿಕಾರಿಯ ನಡೆಯನ್ನು ಕಟುವಾಗಿ ಖಂಡಿಸಿದರು. ಇಂಥ ಸೂಕ್ಷ್ಮ ಪ್ರಕರಣಗಳನ್ನು ನಿಭಾಯಿಸುವ ಬಗೆಗೆ ಎಂಟು ವಾರಗಳಲ್ಲಿ ಮಾರ್ಗಸೂಚಿಯನ್ನೂ ತರಬೇತಿಯನ್ನೂ ರೂಪಿಸಬೇಕು ಎಂದು ಪೊಲೀಸ್ ಇಲಾಖೆಗೆ ಹೇಳಿದರು.

‘ಠಾಣೆಗೆ ಬಂದು ಹೇಳಿಕೆ ಕೊಟ್ಟುಹೋಗಿ’ ಎಂಬುದು ಕೇಳುವುದಕ್ಕೆ ಸಣ್ಣ ಮಾತು. ಈ ಪದ್ಧತಿಯ ಕೀಲು ಇರುವುದು ಅಲ್ಲಿಯೇ. ಹೆಂಗಸರನ್ನು ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆ ಹಾಜರಾಗುವಂತೆ ಒತ್ತಾಯಿಸಕೂಡದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 160ನೇ ಸೆಕ್ಷನ್ ಹೇಳುತ್ತಿತ್ತು, ಹೊಸದರ 179 ಕೂಡ ಹೇಳುತ್ತದೆ. ಸಾಕ್ಷಿಯ ಹೇಳಿಕೆಯನ್ನು ಧ್ವನಿ–ದೃಶ್ಯ ಮುದ್ರಣದಲ್ಲಿ ಪಡೆಯಲು 2009ರ ತಿದ್ದುಪಡಿಯಿಂದಲೇ ಅವಕಾಶವಿದೆ. ಇಷ್ಟಿದ್ದೂ ಊರಿನ ಠಾಣೆಗೇ ಬರಬೇಕೆಂಬ ಪಟ್ಟು ಯಾಕೆ? ಆ ಠಾಣೆಯ ಅಂಗಳದಲ್ಲಿ ಅಪ್ಪ, ಚಿಕ್ಕಪ್ಪ, ಸೋದರಮಾವ, ಜಾತಿಯ ನಾಲ್ವರು ಮುಖಂಡರು ಮೊದಲೇ ಬಂದು ಕೂತಿರುತ್ತಾರೆ. ತಾಯಿ ಅಳುತ್ತಿರುತ್ತಾಳೆ, ಆ ಅಳು ಸುಳ್ಳಲ್ಲ. ‘ಹೇಳಿಕೆ’ ನಿಧಾನವಾಗಿ ‘ಬುದ್ಧಿಮಾತು’ ಆಗುತ್ತದೆ, ಬುದ್ಧಿಮಾತು ‘ರಾಜಿ ಪಂಚಾಯ್ತಿ’ ಆಗುತ್ತದೆ, ರಾಜಿಯು ‘ಮುಚ್ಚಳಿಕೆ’ಯಲ್ಲಿ ಕೊನೆಯಾಗುತ್ತದೆ: ಮಗಳಿಗೆ ತೊಂದರೆ ಕೊಡುವುದಿಲ್ಲ ಎಂದು ಅಪ್ಪ ಬರೆದುಕೊಡುವುದು, ತನ್ನಿಷ್ಟದಿಂದ ತವರಿಗೆ ಹೋಗುತ್ತಿದ್ದೇನೆ ಎಂದು ಮಗಳು ಸಹಿ ಹಾಕುವುದು. ಆಕೆಯನ್ನು ಅಲ್ಲಿಗೆ ಕರೆತರುವುದಕ್ಕೆ ಬಳಸಿದ ಒತ್ತಡದ ಸುದ್ದಿ ಆ ಕಾಗದದಲ್ಲಿ ಇರುವುದಿಲ್ಲ. ಇಂಥ ಜಾಗದಲ್ಲಿ ಪಡೆದ ‘ಇಷ್ಟ’ವನ್ನು ಇಷ್ಟವೆಂದು ಕರೆಯಲು ನನಗೆ ಸಾಧ್ಯವಿಲ್ಲ.

ಹೆಣ್ಣು ಬಗ್ಗದಿದ್ದರೆ ಉಳಿಯುವ ಆಯುಧ ಅಪಹರಣದ ಕೇಸು, ಕೆಲವೊಮ್ಮೆ ಅತ್ಯಾಚಾರದ ಕೇಸು. ಆಕೆಯ ಮೇಲೆ ಹಾಕಲಾಗದ್ದನ್ನು ಅವಳಿಗೆ ಬೇಕಾದವನ ಮೇಲೆ ಹಾಕುವ ಉಪಾಯ ಇದು. 2013ರಲ್ಲಿ ದೆಹಲಿಯ ಜಿಲ್ಲಾ ನ್ಯಾಯಾಲಯಗಳು ತೀರ್ಪು ಕೊಟ್ಟ ಸುಮಾರು 600 ಅತ್ಯಾಚಾರ ಪ್ರಕರಣಗಳನ್ನು ‘ದಿ ಹಿಂದೂ’ ಪತ್ರಿಕೆ 2014ರಲ್ಲಿ ಒಂದೊಂದಾಗಿ ಓದಿ ನೋಡಿತು. ಪೂರ್ಣ ವಿಚಾರಣೆ ನಡೆದವುಗಳಲ್ಲಿ ಶೇಕಡ 40ರಷ್ಟು ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಸೇರಿದ್ದವು, ಹೆಚ್ಚಾಗಿ ತಾವಾಗಿ ಹೊರಟುಹೋದ ಜೋಡಿಗಳಲ್ಲಿ ಹುಡುಗನ ಮೇಲೆ ಹುಡುಗಿಯ ಮನೆಯವರು ಹೂಡಿದ ಪ್ರಕರಣಗಳು. ಇದರ ಬೆಲೆ ತೆರುವವರು ಆ ಯುವಕರು ಮಾತ್ರವಲ್ಲ. ನಿಜವಾಗಿ ಅತ್ಯಾಚಾರಕ್ಕೊಳಗಾಗಿ ಠಾಣೆಯ ಮೆಟ್ಟಿಲು ಹತ್ತಿದವಳನ್ನೂ ಅನುಮಾನದಿಂದ ನೋಡುವ ಅಭ್ಯಾಸ ಬೆಳೆಯುವುದು ಇಂಥ ಕೇಸುಗಳಿಂದಲೇ. ಅಪಹರಣದ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 1964ರಲ್ಲೇ ಇತ್ಯರ್ಥ ಮಾಡಿತ್ತು. ಮದರಾಸಿನ ವರದರಾಜನ್ ಪ್ರಕರಣದಲ್ಲಿ ಹುಡುಗಿಗೆ 18 ತುಂಬಲು ಸ್ವಲ್ಪವೇ ಬಾಕಿ ಇತ್ತು. ಕಾಲೇಜಿನಲ್ಲಿ ಓದುತ್ತಿದ್ದ ಆಕೆ ತಾನೇ ಫೋನು ಮಾಡಿ ಅವನನ್ನು ಕರೆಸಿಕೊಂಡಿದ್ದಳು. ಕರೆದೊಯ್ಯುವುದು ಬೇರೆ, ತಾನಾಗಿ ಬಂದವಳ ಜೊತೆ ಹೋಗುವುದು ಬೇರೆ ಎಂದು ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. 18 ತುಂಬದವಳ ವಿಷಯದಲ್ಲೇ ಅರವತ್ತು ವರ್ಷಗಳ ಹಿಂದೆ ಕಂಡ ವಿವೇಕ ವಯಸ್ಕ ಉಪನ್ಯಾಸಕಿಯರ ವಿಷಯದಲ್ಲಿ ಇಂದು ಕಾಣದಿರುವುದು ದುಃಖದ ಸಂಗತಿ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿರುವುದು ಮಾನವ ಸಾಗಾಣಿಕೆಯ ಭಯಕ್ಕೆ. ಪ್ರೀತಿಯ ಹೆಸರಲ್ಲಿ, ಕೆಲಸದ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಮಾರುವ ಜಾಲಗಳು ಇವೆ. ನಮ್ಮ ಬಡ ತಾಲ್ಲೂಕುಗಳ ತಾಯಂದಿರಿಗೆ ಇದು ಕಟ್ಟುಕಥೆಯಲ್ಲ. ಮಗಳು ರಾತ್ರಿ ಮನೆಗೆ ಬಾರದಿದ್ದಾಗ ಠಾಣೆಗೆ ಓಡುವ ಹಕ್ಕು ಆ ತಾಯಿಗೆ ಪೂರ್ತಿಯಾಗಿ ಇದೆ, ‘ಎಲ್ಲೋ ಓಡಿಹೋಗಿರಬೇಕು, ಎರಡು ದಿನ ಕಾದು ನೋಡಿ’ ಎಂದು ಕಳಿಸುವ ಪೊಲೀಸರು ಕರ್ತವ್ಯಲೋಪ ಮಾಡುತ್ತಾರೆ. ಆದ್ದರಿಂದ ಹುಡುಕುವುದರ ಬಗ್ಗೆ ನನ್ನ ತಕರಾರು ಇಲ್ಲ. ಹುಡುಕಬೇಕು, ಬೇಗ ಹುಡುಕಬೇಕು, ಸಿಕ್ಕವಳೊಂದಿಗೆ ಬೇರಾರೂ ಇಲ್ಲದ ಜಾಗದಲ್ಲಿ ಮಾತನಾಡಿ ಆಕೆ ನಿರ್ಭಯಳಾಗಿದ್ದಾಳೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸಾಗಾಣಿಕೆಯಿಂದ ಕಾಪಾಡುವುದಕ್ಕೆ ಇಷ್ಟು ಬೇಕು, ಇಷ್ಟು ಸಾಕು. ಸ್ವಂತ ಸಂಬಳವಿರುವ, ಎಲ್ಲಿದ್ದೇನೆಂದು ಹೇಳುತ್ತಿರುವ ಹೆಣ್ಣನ್ನು ಊರಿಗೆ ಎಳೆತರುವುದರಿಂದ ಒಬ್ಬ ದಲ್ಲಾಳಿಯೂ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಖರ್ಚಾದ ಸಿಬ್ಬಂದಿ, ವಾಹನ, ದಿನಗಳು ನಿಜವಾಗಿ ಕಾಣೆಯಾದ ಹುಡುಗಿಯ ಪಾಲಿಗೆ ಇಲ್ಲವಾಗುತ್ತವೆ. ಹದಿನೆಂಟಕ್ಕೆ ಬುದ್ಧಿ ಬಲಿತಿರುವುದಿಲ್ಲ ಎಂಬ ಮಾತನ್ನೂ ಕೇಳುತ್ತೇವೆ. 1989ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ ಹುಡುಗರಿಗೊಂದು ಹುಡುಗಿಯರಿಗೊಂದು ಎಂದು ಯಾರೂ ಕೇಳಲಿಲ್ಲ. ಇಪ್ಪತ್ತರ ಮಗ ಬೆಂಗಳೂರಿಗೆ ಹೊರಟುಹೋದರೆ ಅವನನ್ನು ಪತ್ತೆ ಹಚ್ಚಿ ‘ಪೋಷಕರಿಗೆ ಒಪ್ಪಿಸಿದರು’ ಎಂದು ಓದಿದ ನೆನಪು ಎಷ್ಟು ಜನಕ್ಕಿದೆ?

ಪೊಲೀಸರ ಪರವಾಗಿ ಹೇಳುವ ಇನ್ನೊಂದು ಮಾತೆಂದರೆ, ಠಾಣೆಯ ರಾಜಿಯಿಂದ ರಕ್ತಪಾತ ತಪ್ಪುತ್ತದೆ ಎಂಬುದು. ಎರಡೂ ಕಡೆಯ ಗುಂಪು ಬಾಗಿಲಲ್ಲಿ ನಿಂತಿರುವಾಗ ಒಬ್ಬ ಪಿಎಸ್‌ಐ ಅನುಭವಿಸುವ ಒತ್ತಡವನ್ನು ನಾನು ಹಗುರ ಮಾಡುತ್ತಿಲ್ಲ. ದಂಪತಿಗೆ ರಕ್ಷಣೆ ಕೊಟ್ಟು ಊರವರ ವಿರೋಧ ಕಟ್ಟಿಕೊಂಡ ಅಧಿಕಾರಿಗಳೂ ಇದ್ದಾರೆ. ಆದರೆ ನಡೆದ ಘಟನೆಗಳು ಈ ವಾದವನ್ನು ಎತ್ತಿಹಿಡಿಯುವುದಿಲ್ಲ. ಮರ್ಯಾದೆಯ ಹೆಸರಿನ ಹಿಂಸೆಯನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಸುರಕ್ಷಿತ ವಸತಿ, ಸಹಾಯವಾಣಿ ಬೇಕೆಂದು ಸುಪ್ರೀಂ ಕೋರ್ಟ್ ಶಕ್ತಿ ವಾಹಿನಿ ಪ್ರಕರಣದಲ್ಲಿ ಆದೇಶಿಸಿದ್ದು 2018ರ ಮಾರ್ಚ್ 27ರಂದು. ಸರಿಯಾಗಿ ಎರಡು ತಿಂಗಳಿಗೆ, ಮೇ 27ರ ನಸುಕಿನಲ್ಲಿ, ಕೇರಳದ ಕೊಟ್ಟಾಯಂನಲ್ಲಿ ದಲಿತ ಕ್ರೈಸ್ತ ಯುವಕನೊಬ್ಬನನ್ನು ಆತನ ಪತ್ನಿಯ ಅಣ್ಣ ಮತ್ತು ಸಂಗಡಿಗರು ಹೊತ್ತೊಯ್ದರು. ಪತ್ನಿ ಠಾಣೆಗೆ ಹೋಗಿ ಗೋಗರೆದಳು. ಮುಖ್ಯಮಂತ್ರಿಯ ಭದ್ರತೆಯ ಕೆಲಸವಿದೆ ಎಂದು ಅಧಿಕಾರಿ ತಡ ಮಾಡಿದರು. ಮರುದಿನ ಹೊಳೆಯಲ್ಲಿ ಹೆಣ ಸಿಕ್ಕಿತು. ಮರ್ಯಾದೆಗೇಡು ಹತ್ಯೆಯೆಂದು ಗುರುತಿಸಿದ ಸೆಷನ್ಸ್ ನ್ಯಾಯಾಲಯ 2019ರಲ್ಲಿ 10 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಕೊಲೆಗೆ ಕೆಲವೇ ದಿನ ಮೊದಲು ಅದೇ ಠಾಣೆಯಲ್ಲಿ, ಮದುವೆಯ ಕಾಗದ ಮುಂದಿದ್ದರೂ, ಅವಳನ್ನು ಅಪ್ಪನ ಜೊತೆ ಕಳಿಸುವ ಪ್ರಯತ್ನ ನಡೆದಿತ್ತು. ಮಗಳು ಮನೆಯ ಸ್ವತ್ತು ಎಂಬ ಮಾತನ್ನು ಠಾಣೆಯೇ ಒಪ್ಪಿಕೊಂಡಾಗ ಅದನ್ನು ಮರಳಿ ಪಡೆಯಲು ಹೊರಟವರಿಗೆ ಧೈರ್ಯ ಹೆಚ್ಚುತ್ತದೆ. ರಾಜಿಯಿಂದ ಶಾಂತಿ ಬರುವುದಿಲ್ಲ, ಹಿಂಸೆಗೆ ಸಮಯ ಸಿಗುತ್ತದೆ.

ಹೊಣೆಯನ್ನೆಲ್ಲ ಪೊಲೀಸರ ಮೇಲೆ ಹೊರಿಸುವುದು ನ್ಯಾಯವಲ್ಲ. 2017ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟ್ 24 ವರ್ಷದ ಹೋಮಿಯೋಪಥಿ ವಿದ್ಯಾರ್ಥಿನಿಯ ಮದುವೆಯನ್ನೇ ರದ್ದುಪಡಿಸಿ, ಮದುವೆಯಾಗುವವರೆಗೆ ಮಗಳು ತಂದೆತಾಯಿಯ ಸುಪರ್ದಿಯಲ್ಲಿ ಇರಬೇಕಾದದ್ದು ನಮ್ಮ ಪರಂಪರೆ ಎಂಬ ಧಾಟಿಯಲ್ಲಿ ಆಕೆಯನ್ನು ಅಪ್ಪನ ಮನೆಗೆ ಕಳಿಸಿತು. ನವೆಂಬರ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಓದು ಮುಂದುವರಿಸಲು ಕಳಿಸುವ ತನಕ ಆಕೆ ಪೊಲೀಸ್ ಕಾವಲಿನಲ್ಲಿ ಆ ಮನೆಯೊಳಗೇ ಇದ್ದಳು. ಮದುವೆ ಮತ್ತೆ ಮಾನ್ಯವಾದದ್ದು 2018ರ ಮಾರ್ಚ್‌ನಲ್ಲಿ. ಉನ್ನತ ನ್ಯಾಯಾಲಯವೇ ಹೀಗೆ ಯೋಚಿಸಿದಾಗ ಹೋಬಳಿಯ ಠಾಣೆಯಿಂದ ಏನನ್ನು ನಿರೀಕ್ಷಿಸುವುದು? ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಬೇರೆಯೇ ಒಂದು ಕೊರತೆ. ನಾವು ಹೆಮ್ಮೆಯಿಂದ ನೆನೆಯುವ ಈ ತೀರ್ಪುಗಳು ಬಹುಪಾಲು ಮದುವೆಯ ತೀರ್ಪುಗಳು. ಸಂಗಾತಿಯನ್ನು ಆರಿಸಿಕೊಳ್ಳುವ ಹಕ್ಕನ್ನು ಅವು ಎತ್ತಿಹಿಡಿಯುತ್ತವೆ. ಹಾಗಾಗಿ ತಾಳಿಯೋ ನೋಂದಣಿ ಪತ್ರವೋ ಕೈಯಲ್ಲಿರುವ ಹೆಣ್ಣಿಗೆ ಠಾಣೆಯಲ್ಲಿ ಸ್ವಲ್ಪ ನೆಲೆ ಸಿಗುತ್ತದೆ. ಯಾರನ್ನೂ ಮದುವೆಯಾಗದೆ, ಓದಲು ಬಿಡಲಿಲ್ಲವೆಂದೋ, ಹೊಡೆತ ತಾಳಲಾರದೆಯೋ, ಗೊತ್ತುಮಾಡಿದ ಮದುವೆ ಬೇಡವೆಂದೋ ಒಬ್ಬಳೇ ಹೊರಟು ಪಿ.ಜಿ. ಸೇರಿದ ಹುಡುಗಿಗೆ ತೋರಿಸಲು ಕಾಗದವೇ ಇರುವುದಿಲ್ಲ. ಅಪ್ಪನಿಂದ ಗಂಡನಿಗೆ ಕೈದಾಟುವುದಷ್ಟೇ ಸ್ವಾತಂತ್ರ್ಯವೆನಿಸಿದರೆ ಒಪ್ಪಿಸುವ ಪದ್ಧತಿ ಅಳಿದಂತಾಗುವುದಿಲ್ಲ, ಒಪ್ಪಿಸಿಕೊಳ್ಳುವವನ ಹೆಸರು ಬದಲಾದಂತಾಗುತ್ತದೆ. ಈ ದೃಷ್ಟಿಯಿಂದ 2024ರ ಮಾರ್ಚ್ 11ರ ದೇವು ಜಿ. ನಾಯರ್ ತೀರ್ಪು ಒಂದು ಹೆಜ್ಜೆ ಮುಂದಿದೆ. ಕೂಡಿಟ್ಟಿದ್ದಾರೆ ಎನ್ನಲಾದ ವ್ಯಕ್ತಿಯನ್ನು ನ್ಯಾಯಾಧೀಶರು ಮನೆಯವರಿಲ್ಲದ ಕೋಣೆಯಲ್ಲಿ ಮಾತನಾಡಿಸಬೇಕು, ಆಪ್ತಸಮಾಲೋಚನೆಯ ಹೆಸರಲ್ಲಿ ಮನಸ್ಸು ಬದಲಿಸಲು ಯತ್ನಿಸಕೂಡದು ಎಂದು ಅದು ಹೇಳಿತು. ನ್ಯಾಯಾಧೀಶರಿಗೆ ಹಾಕಿದ ಈ ಗೆರೆ ಪಿಎಸ್‌ಐಗೂ ಅನ್ವಯವಾಗಬೇಕು.

ಆಗಬೇಕಾದದ್ದು ದೊಡ್ಡದೇನೂ ಅಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಪತ್ತೆಯಾದವಳು ವಯಸ್ಕಳಾಗಿದ್ದರೆ ಹೇಳಿಕೆಯನ್ನು ಅವಳಿರುವಲ್ಲಿಯೇ, ಮನೆಯವರಿಲ್ಲದಾಗ ಪಡೆದು, ಪ್ರಕರಣ ಮುಚ್ಚಬೇಕು. ಕ್ಷೇಮವಾಗಿದ್ದಾಳೆ ಎಂಬ ಸುದ್ದಿಯನ್ನು ತಂದೆತಾಯಿಗೆ ಮುಟ್ಟಿಸಬೇಕು, ಅವಳು ಒಪ್ಪದೆ ವಿಳಾಸ ಕೊಡಕೂಡದು. ಪತ್ರಿಕೆಗಳು ‘ಪೋಷಕರಿಗೆ ಒಪ್ಪಿಸಿದರು’ ಎಂದು ಬರೆಯುವ ಮೊದಲು ವಯಸ್ಸು ನೋಡಬೇಕು. ಸುಪ್ರೀಂ ಕೋರ್ಟ್ ಹೇಳಿದ್ದ ಎಂಟು ವಾರ 2021ರ ಏಪ್ರಿಲ್ 5ಕ್ಕೆ ಮುಗಿಯಿತು. ಆ ಮಾರ್ಗಸೂಚಿ ನಿಮ್ಮ ಠಾಣೆಗೆ ಬಂದಿದೆಯೇ, ಎಷ್ಟು ಸಿಬ್ಬಂದಿಗೆ ತರಬೇತಿ ಆಗಿದೆ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯನ್ನು ಕೇಳಿ. ಅರ್ಜಿ ಶುಲ್ಕ 10 ರೂಪಾಯಿ.